ಅಲುಗದ ಆಂಟೆನಾ, ತಿರುಗುವ ಸಿಗ್ನಲ್

ಪ್ರಶ್ನೆ: ಮೆಟಾಸರ್ಫೇಸ್ ಆಂಟೆನಾ ತಾನು ಕದಲದೆ ಸಿಗ್ನಲ್ಲನ್ನು ಬೇಕಾದ ಕಡೆ ತಿರುಗಿಸುವುದು ಹೇಗೆ?

ಉತ್ತರ: ಈ ಚಪ್ಪಟೆ ಹಲಗೆಯ ಮೇಲೆ ನೂರಾರು ಲೋಹದ ಬಿಲ್ಲೆಗಳಿರುತ್ತವೆ. 28 ಗಿಗಾಹರ್ಟ್ಸ್‌ನ 5ಜಿ ತರಂಗದ ಉದ್ದ ಸುಮಾರು 1 ಸೆಂಟಿಮೀಟರ್. ಬಿಲ್ಲೆ ಅದಕ್ಕಿಂತಲೂ ಚಿಕ್ಕದು. ಬಿಲ್ಲೆಗೊಂದು ಪುಟ್ಟ ಡಯೋಡ್ ಜೋಡಿಸಿ, ಅದರ ವೋಲ್ಟೇಜ್ ಬದಲಿಸಿದರೆ ಅಲ್ಲಿಂದ ಹೊರಡುವ ತರಂಗ ಕೊಂಚ ಹಿಂದುಮುಂದಾಗುತ್ತದೆ.

ಕವಾಯತಿನಲ್ಲಿ ಸಾಲು ತಿರುಗುವುದನ್ನು ನೋಡಿದ್ದೀರಲ್ಲ? ಒಂದು ತುದಿಯವರು ನಿಧಾನವಾಗಿ, ಇನ್ನೊಂದು ತುದಿಯವರು ಬಿರುಸಾಗಿ ಹೆಜ್ಜೆ ಹಾಕಿದರೆ ಇಡೀ ಸಾಲೇ ಹೊರಳುತ್ತದೆ. ತರಂಗಗಳೂ ಅಷ್ಟೇ. ಒಂದು ಅಂಚಿನಿಂದ ಇನ್ನೊಂದಕ್ಕೆ ಸ್ವಲ್ಪಸ್ವಲ್ಪವೇ ತಡವಾಗಿ ಹೊರಟು, ನಮಗೆ ಬೇಕಾದ ದಿಕ್ಕಿನಲ್ಲಿ ಕೂಡಿ ಬಲಗೊಳ್ಳುತ್ತವೆ. ಉಳಿದೆಡೆ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ.

ನನ್ನ ಮಟ್ಟಿಗೆ ಇದರ ನಿಜವಾದ ಹೆಚ್ಚುಗಾರಿಕೆ ಉಳಿತಾಯ. ಬಿಲ್ಲೆಗೊಂದು ರೇಡಿಯೊ ಸರ್ಕ್ಯೂಟ್ ಬೇಡ, ಇಡೀ ಸಾಲಿಗೆ ಒಂದೇ ಸಾಕು. ಹಾಗಾಗಿ ಆಂಟೆನಾ ದೊಡ್ಡದಾದರೂ ಖರ್ಚು, ವಿದ್ಯುತ್ತು ಎರಡೂ ಹಿಡಿತದಲ್ಲಿರುತ್ತವೆ.