ಹೆಜ್ಜೆ ತಪ್ಪಿದರೂ ಹೇಳದ ಮೋಟಾರು

ಮನೆಯಲ್ಲೇ ಸಿಎನ್‌ಸಿ ಯಂತ್ರ ಕಟ್ಟುವವರ ಗಮನವೆಲ್ಲ ಸಾಫ್ಟ್‌ವೇರ್ ಮೇಲೆ. ಕೆಲಸದ ನಿಖರತೆ ನಿಂತಿರುವುದು ಪವರ್ ಸಪ್ಲೈ ಮತ್ತು ಮೋಟಾರು ಕೂರುವ ಪ್ಲೇಟಿನ ಮೇಲೆ.

ಪ್ಲೈವುಡ್ ಹಲಗೆಯ ಮೇಲೆ ಯಂತ್ರ ವೃತ್ತವೊಂದನ್ನು ಕೊರೆಯುತ್ತದೆ. ಹೊರಟ ಜಾಗಕ್ಕೇ ಬಂದು ಕೂಡಬೇಕಾದ ಗೆರೆ ಎರಡು ಮಿಲಿಮೀಟರ್ ಆಚೆ ಬಂದು ನಿಲ್ಲುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಮಾತ್ರ ವೃತ್ತ ಪೂರ್ತಿಯಾಗಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಸಾಫ್ಟ್‌ವೇರನ್ನು. ಎಡವಟ್ಟು ಬಹಳ ಸಲ ಇರುವುದು ಮೇಜಿನ ಕೆಳಗಿನ ಪವರ್ ಸಪ್ಲೈಯಲ್ಲಿ, ಇಲ್ಲವೇ ಮೋಟಾರನ್ನು ಹಿಡಿದಿರುವ ನಾಲ್ಕು ಬೋಲ್ಟುಗಳ ಸುತ್ತಮುತ್ತ.

ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಅಂಕಿಗಳ ಆದೇಶದಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದಾಗ ಅದರ ನಿಯಂತ್ರಕದ ತುಂಬ ವ್ಯಾಕ್ಯೂಮ್ ಟ್ಯೂಬುಗಳಿದ್ದವು. ಇಂದು ಆ ಕೆಲಸಕ್ಕೆ ಅಂಗೈಯಗಲದ ಆರ್ಡುಯಿನೊ ಬೋರ್ಡ್ ಮತ್ತು ಉಚಿತವಾಗಿ ಸಿಗುವ ಗ್ರಬಲ್ ತಂತ್ರಾಂಶ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು, ಪೀಣ್ಯದಲ್ಲಿ ಲೇತ್ ಕೆಲಸ ಮಾಡಿಕೊಡುವವರನ್ನು ಹುಡುಕುವುದೂ ಕಷ್ಟವಲ್ಲ. ಯಂತ್ರದ ಮಿದುಳು ಅಗ್ಗವಾಗಿದೆ. ಆದರೆ ಅದರ ಮಾತು ನಡೆಸಿಕೊಡುವ ಸ್ಟೆಪ್ಪರ್ ಮೋಟಾರಿಗೆ ಮರುಉತ್ತರ ಕೊಟ್ಟು ಗೊತ್ತಿಲ್ಲ.

ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಸುತ್ತಿಗೆ 5 ಮಿ.ಮೀ. ಸಾಗಿಸುವ ಬಾಲ್ ಸ್ಕ್ರೂ ಜೋಡಿಸಿದರೆ ಒಂದು ಹೆಜ್ಜೆಗೆ 0.025 ಮಿ.ಮೀ. ಲೆಕ್ಕ ಸೊಗಸಾಗಿದೆ. ಆದರೆ ಭಾರ ತಾಳದೆ ಮೋಟಾರು ಕೆಲವು ಹೆಜ್ಜೆ ತಪ್ಪಿಸಿದರೆ ಕಂಪ್ಯೂಟರಿಗೆ ಸುದ್ದಿ ಮುಟ್ಟುವುದಿಲ್ಲ. ಅದು ತನ್ನ ಪಾಡಿಗೆ ಎಣಿಸುತ್ತ ಹೋಗುತ್ತದೆ. ಹಾಗಾಗಿ ಹೆಜ್ಜೆ ತಪ್ಪದಂತೆ ಮೊದಲೇ ನೋಡಿಕೊಳ್ಳುವುದೇ ಇಲ್ಲಿನ ವಿನ್ಯಾಸ.

ನಾಲ್ಕು ವೋಲ್ಟ್ ಮೋಟಾರಿಗೆ ಮೂವತ್ತೆಂಟು ವೋಲ್ಟ್

ಮೋಟಾರಿನ ವಿವರ ಓದಿದ ಹೊಸಬರು ಗಲಿಬಿಲಿಗೊಳ್ಳುತ್ತಾರೆ. 4.2 ಆಂಪಿಯರ್, 0.9 ಓಮ್ ಎಂದಿದ್ದರೆ ಲೆಕ್ಕಕ್ಕೆ ಬರುವುದು ನಾಲ್ಕು ವೋಲ್ಟಿಗೂ ಕಡಿಮೆ. ಹಾಗಿದ್ದರೂ ಅದಕ್ಕೆ ಹತ್ತು ಪಟ್ಟು ವೋಲ್ಟೇಜ್ ಕೊಡುತ್ತಾರೆ. ಕಾರಣ, ಸುರುಳಿಯ ಇಂಡಕ್ಟೆನ್ಸ್ ಕರೆಂಟನ್ನು ಒಮ್ಮೆಲೇ ಏರಗೊಡುವುದಿಲ್ಲ. 2.5 ಮಿಲಿಹೆನ್ರಿಯ ಸುರುಳಿಯಲ್ಲಿ ಕರೆಂಟು 4 ಆಂಪಿಯರ್ ಮುಟ್ಟಲು 24 ವೋಲ್ಟ್ ಕೊಟ್ಟರೆ ಸುಮಾರು 0.4 ಮಿಲಿಸೆಕೆಂಡ್ ಹಿಡಿಯುತ್ತದೆ. ಮೋಟಾರು ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದು ಹೆಜ್ಜೆಗೆ ಸಿಗುವುದೇ 0.5 ಮಿಲಿಸೆಕೆಂಡ್. ಕರೆಂಟು ತುಂಬುವಷ್ಟರಲ್ಲಿ ಹೆಜ್ಜೆಯೇ ಮುಗಿಯುತ್ತ ಬಂದಿರುತ್ತದೆ, ತಿರುಗಿಸುವ ಬಲ ಕುಸಿಯುತ್ತದೆ. ವೋಲ್ಟೇಜ್ ಹೆಚ್ಚಿಸಿದರೆ ಈ ಸಮಯ ಇಳಿಯುತ್ತದೆ. ಮಿತಿಮೀರಿ ಕರೆಂಟು ಹರಿಯದಂತೆ ಕತ್ತರಿಸಿ ಕತ್ತರಿಸಿ ಕೊಡುವ ಹೊಣೆ ಡ್ರೈವರಿನದು.

ಹಾಗೆಂದು ಕಂಡಾಪಟ್ಟೆ ಏರಿಸುವಂತಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಡಿಎಂ542 ಮಾದರಿಯ ಡ್ರೈವರ್‌ಗೆ 50 ವೋಲ್ಟ್ ಗಡಿ. ಟ್ರಾನ್ಸ್‌ಫಾರ್ಮರ್ ಹಾಕಿ ಕಟ್ಟುವವರು ಎಡವುವುದು ಇಲ್ಲೇ. 32 ವೋಲ್ಟ್ ಎಸಿ ಕೊಡುವ ವೈಂಡಿಂಗ್ ತಂದರೆ, ರೆಕ್ಟಿಫೈಯರ್ ದಾಟಿ ಸುಮಾರು 44 ವೋಲ್ಟ್ ಡಿಸಿ ಸಿಗುತ್ತದೆ. ಸಾಕಷ್ಟು ಅಂತರವಿದೆ ಎನಿಸುತ್ತದೆ. ಆದರೆ ಮನೆಯ 230 ವೋಲ್ಟ್ ಶೇ 10ರಷ್ಟು ಏರಿ, ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರ್ ತಾನೂ ಶೇ 8ರಷ್ಟು ಹೆಚ್ಚು ಕೊಟ್ಟರೆ ಅದೇ 44 ವೋಲ್ಟ್ 52 ದಾಟುತ್ತದೆ. 28 ವೋಲ್ಟ್ ವೈಂಡಿಂಗ್ ಆರಿಸಿದರೆ ಸಾಮಾನ್ಯವಾಗಿ 38, ಏರುಪೇರಿನಲ್ಲೂ 46ರ ಒಳಗೆ. ಮೂರು ಮೋಟಾರುಗಳಿಗೆ ತಲಾ 4.2 ಆಂಪಿಯರ್ ಇದ್ದರೂ ಸಪ್ಲೈಯಿಂದ ಅಷ್ಟು ಎಳೆಯುವುದಿಲ್ಲ. ಮೂರರಲ್ಲಿ ಎರಡು ಪಾಲು, ಅಂದರೆ ಒಟ್ಟು 8.4 ಆಂಪಿಯರ್ ಹಿಡಿಯುವುದು ರೂಢಿ.

ಕೆಪಾಸಿಟರ್ ಇಲ್ಲಿ ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ಸೆಕೆಂಡಿಗೆ ನೂರು ಬಾರಿ ತುಂಬಿಕೊಂಡು, ಬೇಕೆಂದಾಗ ಒದಗಿಸುತ್ತದೆ. ವೇಗವಾಗಿ ಓಡುವ ಮೋಟಾರನ್ನು ತಟ್ಟನೆ ನಿಲ್ಲಿಸಿದರೆ ಅದು ಡೈನಮೋ ಆಗಿ ವಿದ್ಯುತ್ತನ್ನು ಹಿಂದಕ್ಕೆ ದೂಡುತ್ತದೆ. ಅದನ್ನೂ ಕೆಪಾಸಿಟರ್ ನುಂಗಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಸಪ್ಲೈಯ ಬದಲು ಹಾಕುವ ಅಗ್ಗದ ಎಸ್ಎಂಪಿಎಸ್ ಇಂಥ ಹೊತ್ತಿನಲ್ಲಿ ತನ್ನ ರಕ್ಷಣೆಗೆ ತಾನೇ ಆಫ್ ಆಗಿ ಕೆಲಸ ಕೆಡಿಸುವುದುಂಟು. ನಮ್ಮ ಲೆಕ್ಕಕ್ಕೆ 22,000 ಮೈಕ್ರೊಫ್ಯಾರಡ್, 63 ವೋಲ್ಟಿನ ಕೆಪಾಸಿಟರ್ ಸರಿಹೊಂದುತ್ತದೆ. ಅದಕ್ಕೆ ಅಡ್ಡಲಾಗಿ 1 ಕಿಲೊ ಓಮ್, 5 ವಾಟ್‌ನ ರೆಸಿಸ್ಟರ್ ಕಡ್ಡಾಯ. ಸ್ವಿಚ್ ತೆಗೆದ ಒಂದು ನಿಮಿಷದಲ್ಲಿ ಉಳಿದ ವೋಲ್ಟೇಜ್ ಮೂರಕ್ಕಿಂತ ಕೆಳಗಿಳಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಮುಂದೆ ಫ್ಯೂಸ್, ಯಂತ್ರದ ಚೌಕಟ್ಟಿಗೆ ಅರ್ತಿಂಗ್ ಬೇಕೇ ಬೇಕು. ಡ್ರೈವರ್ ಆನ್ ಇರುವಾಗ ಮೋಟಾರಿನ ವೈರ್ ಕಿತ್ತರೆ ಡ್ರೈವರ್ ಸುಟ್ಟಿತೆಂದೇ ಲೆಕ್ಕ.

ಮಧ್ಯದ ತೂತಿನ ಮರ್ಮ

ನೆಮಾ 23 ಮೋಟಾರಿನ ಮುಖ 57 ಮಿ.ಮೀ. ಚೌಕ. ಬೋಲ್ಟ್ ತೂತುಗಳ ನಡುವೆ 47.14 ಮಿ.ಮೀ. ಅಂತರ. ನಡುವಿನ ಉಬ್ಬುಬಳೆಯ ವ್ಯಾಸ 38.1 ಮಿ.ಮೀ. ಮೋಟಾರನ್ನು ಕೇಂದ್ರಕ್ಕೆ ತಂದು ಕೂರಿಸುವುದು ಈ ಬಳೆ. ಬೋಲ್ಟುಗಳ ಕೆಲಸ ಬರೀ ಹಿಡಿದುಕೊಳ್ಳುವುದು. ಸಲೀಸಾಗಿ ಕೂರಲಿ ಎಂದು ಮಧ್ಯದ ತೂತನ್ನು 40 ಮಿ.ಮೀ.ಗೆ ಕೊರೆದರೆ ಮೋಟಾರು ಬೋಲ್ಟುಗಳ ಸಡಿಲಕ್ಕೆ ತಕ್ಕಂತೆ ಎಲ್ಲೋ ಕೂರುತ್ತದೆ. ಮೋಟಾರಿನ ಶಾಫ್ಟೂ ಸ್ಕ್ರೂವೂ ಒಂದೇ ಗೆರೆಯಲ್ಲಿ ಬರುವುದಿಲ್ಲ. ಕೊರೆದ ಅಂಚಿನ ಮೇಲೆ ಬೆರಳಾಡಿಸಿದಾಗ ಸರಿಯಾಗಿ 5 ಮಿ.ಮೀ.ಗೊಂದು ಅಲೆ ಸಿಕ್ಕರೆ, ಸ್ಕ್ರೂ ಪ್ರತಿ ಸುತ್ತಿಗೂ ಒಂದೆಡೆ ಬಿಗಿಯಾಗಿ ಇನ್ನೊಂದೆಡೆ ಸಡಿಲವಾಗುತ್ತಿದೆ ಎಂದು ಅರ್ಥ.

ಪ್ಲೇಟಿನ ದಪ್ಪದಲ್ಲಿ ಕಂಜೂಸುತನ ಸಲ್ಲದು. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟು. 5 ಮಿ.ಮೀ. ಬದಲು 10 ಮಿ.ಮೀ. ಅಲ್ಯೂಮಿನಿಯಂ ಹಾಕಲು ಇಷ್ಟೇ ಕಾರಣ ಸಾಕು. 3ಡಿ ಪ್ರಿಂಟರಿನಲ್ಲಿ ಪಿಎಲ್ಎ ಪ್ಲಾಸ್ಟಿಕ್ಕಿನ ಮೌಂಟ್ ಅಚ್ಚು ಹಾಕುವವರಿದ್ದಾರೆ. ದುಡಿಯುವ ಸ್ಟೆಪ್ಪರ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಹಜ, ಪಿಎಲ್ಎ ಮೆತ್ತಗಾಗುವುದು 60ರ ಸುಮಾರಿಗೆ. ಅಲ್ಯೂಮಿನಿಯಂ ಪ್ಲೇಟಾದರೆ ಆ ಬಿಸಿಯನ್ನೂ ಹೀರಿ ಹೊರಹಾಕುತ್ತದೆ. ಕೊರೆಯುವಾಗ ಉದ್ದಕ್ಕೆ ಬರುವ ತಳ್ಳಾಟವನ್ನು ಸ್ಕ್ರೂವಿನ ಬೇರಿಂಗ್ ಬ್ಲಾಕ್ ಹೊರಬೇಕು. ಮೋಟಾರಿನ ಪುಟ್ಟ ಬೇರಿಂಗುಗಳು ಅದಕ್ಕಾಗಿ ಇರುವುದಲ್ಲ.

ಜೋಡಿಸುವುದಕ್ಕೂ ಒಂದು ಕ್ರಮವಿದೆ. ಮೌಂಟಿನ ಬೋಲ್ಟುಗಳನ್ನು ಸಡಿಲವಿಟ್ಟು, ಸ್ಕ್ರೂವಿನ ನಟ್ಟನ್ನು ಮೋಟಾರಿನ ತುದಿಗೆ ತಂದು, ಅಲ್ಲಿ ಬಿಗಿಯಬೇಕು. ಬಳಿಕ ಮೋಟಾರಿನ ಶಾಫ್ಟನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್. ಶಾಫ್ಟ್ ಮತ್ತು ಕಪ್ಲಿಂಗ್ ಎರಡರ ಮೇಲೂ ಹಾಯುವಂತೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಡಯಲ್ ಗೇಜ್ ನಿಲ್ಲಿಸಿ, ಯಂತ್ರವನ್ನು ಪೂರ್ಣ ವೇಗದಲ್ಲಿ ನೂರಾರು ಸಲ ಹಿಂದೆ ಮುಂದೆ ಓಡಿಸಿ ಸೊನ್ನೆಗೆ ತನ್ನಿ. ಮುಳ್ಳು ಹಳೆಯ ಜಾಗಕ್ಕೆ ಬಾರದಿದ್ದರೆ ವೇಗವನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸಿ. ಈಗ ಸರಿಹೋದರೆ ಕೊರತೆ ಹೆಚ್ಚಾಗಿ ವೋಲ್ಟೇಜಿನದು. ಹೋಗದಿದ್ದರೆ ಮೌಂಟು, ಕಪ್ಲಿಂಗ್ ನೋಡಿ. ಮಾರ್ಕರ್ ಗೆರೆ ತುಂಡಾಗಿದ್ದರೆ ಜಾರಿದ್ದು ಕಪ್ಲಿಂಗೇ.

ಇಷ್ಟೆಲ್ಲ ಯಾಕೆ, ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಮೋಟಾರು ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹೆಜ್ಜೆ ತಪ್ಪಿದ್ದನ್ನು ಅದು ಹೇಳುತ್ತದೆ, ನಿಜ. ಆದರೆ ಎನ್‌ಕೋಡರ್ ಅಳೆಯುವುದು ಮೋಟಾರಿನ ಶಾಫ್ಟನ್ನೇ ಹೊರತು ಕೊರೆಯುವ ಮೊನೆಯನ್ನಲ್ಲ. ಬಾಗುವ ಪ್ಲೇಟು, ಜಾರುವ ಕಪ್ಲಿಂಗ್ ಅದರ ಲೆಕ್ಕಕ್ಕೇ ಬರುವುದಿಲ್ಲ. ದುಬಾರಿ ಮೋಟಾರಿಗೆ ಹಣ ಸುರಿಯುವ ಮೊದಲು ದಪ್ಪ ಪ್ಲೇಟಿಗೂ ಸರಿಯಾದ ವೈಂಡಿಂಗಿಗೂ ಖರ್ಚು ಮಾಡುವುದು ಜಾಣತನ.