ಹವಳದ ಅಕ್ವೇರಿಯಂಗೆ ಮನೆಯಲ್ಲೇ ಎಲ್ಇಡಿ ಲೈಟ್

ಹವಳಕ್ಕೆ ಬೆಳಕೇ ಊಟ! ಅದರ ಮೈಯೊಳಗಿರೋ ಸೂಕ್ಷ್ಮ ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ, ಹವಳಕ್ಕೂ ಪಾಲು ಕೊಡುತ್ತೆ.

ಕೆಂಪು ಬೆಳಕನ್ನ ನೀರು ಬೇಗ ಹೀರಿಬಿಡುತ್ತೆ. ಆಳಕ್ಕೆ ಇಳಿಯೋದು ನೀಲಿ. ಹಾಗಾಗಿ 450 ನ್ಯಾನೋಮೀಟರ್ ಆಸುಪಾಸಿನ ರಾಯಲ್ ಬ್ಲೂ ಎಲ್ಇಡಿ ಜಾಸ್ತಿ, ಕೂಲ್ ವೈಟ್ ಸ್ವಲ್ಪ.

3 ವ್ಯಾಟ್‌ನ 12 ಎಲ್ಇಡಿ ತಗೊಳ್ಳಿ. ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ, ಕೂರಿಸಿ. ಒಂದರ ಪ್ಲಸ್ಸನ್ನ ಮುಂದಿನದರ ಮೈನಸ್‌ಗೆ ಬೆಸೆಯುತ್ತಾ ಹೋಗಿ. ಒಂದೊಂದಕ್ಕೆ 3ರಿಂದ 3.4 ವೋಲ್ಟ್ ಅಂದ್ರೆ, 12ಕ್ಕೆ 36ರಿಂದ 41 ವೋಲ್ಟ್. ಅಷ್ಟನ್ನ ಕೊಡಬಲ್ಲ, 700 ಮಿಲಿಆಂಪ್‌ನ, ಡಿಮ್ಮರ್ ಇರೋ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಬೇಕು. ಸಾದಾ ಅಡಾಪ್ಟರ್ ಹಾಕಿದ್ರೆ, ಎಲ್ಇಡಿ ಬಿಸಿಯಾದಂತೆ ಕರೆಂಟ್ ಏರುತ್ತಾ ಹೋಗಿ ಸುಟ್ಟೇಹೋಗಬಹುದು.

ಕೆಳಗೆ ಉಪ್ಪುನೀರು ಇದೆ, ನೆನಪಿರಲಿ. ಲೈಟ್‌ಗೆ ಅಕ್ರಿಲಿಕ್ ಮುಚ್ಚಳ, ಡ್ರೈವರ್ ಟ್ಯಾಂಕ್‌ನಿಂದ ದೂರ, ಲೈನ್‌ಗೆ, ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿಆಂಪ್ ಆರ್‌ಸಿಸಿಬಿ. ಇಲ್ಲಿ ರಾಜಿ ಬೇಡವೇ ಬೇಡ.

ಮೊದಲ ದಿನವೇ ಫುಲ್ ಬೆಳಕು ಬಿಟ್ರೆ ಹವಳ ಬಿಳಿಚಿಕೊಳ್ಳುತ್ತೆ. ಕಮ್ಮಿಯಿಂದ ಶುರು ಮಾಡಿ, ವಾರವಾರ ಏರಿಸಿ.

ಮತ್ತೆ, ನಮ್ಮ ಸಮುದ್ರದ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಬೇಕು. ಟ್ಯಾಂಕ್‌ಗೆ ಕಾನೂನುಬದ್ಧವಾಗಿ ಸಿಗೋದನ್ನ ಮಾತ್ರ ತನ್ನಿ.