ಮಳೆನಕ್ಷತ್ರದಿಂದ ಉಪಗ್ರಹದವರೆಗೆ: ಬಿಳಗಿ ಸೀಮೆಯ ಆಕಾಶಜ್ಞಾನ

‘ಬಾಹ್ಯಾಕಾಶ ಸಂಶೋಧನೆ ಮತ್ತು ಸಮಾಜ’ ಎಂಬ ವಿಷಯ ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ ಚರ್ಚೆಗೆ ಬಂದಾಗ ದೂರದರ್ಶನ, ದೂರಸಂಪರ್ಕ, ಹವಾಮಾನ ಮುನ್ಸೂಚನೆಗಳ ಪ್ರಯೋಜನಗಳನ್ನು ಎಣಿಸುವುದು ರೂಢಿ. ಉಪಗ್ರಹ ಬರುವ ಮೊದಲೇ ಈ ಸಮಾಜಕ್ಕೆ ತನ್ನದೇ ಆದ ಆಕಾಶಜ್ಞಾನ ಇತ್ತೆಂಬ ಸಂಗತಿ ಅಲ್ಲಿ ಮರೆಯಾಗುತ್ತದೆ. ಕರ್ನಾಟಕದ ಹಳ್ಳಿಗಳಿಗೆ ಉಪಗ್ರಹ ಮೊದಲು ಬಂದುದು ಶಿಕ್ಷಕನ ರೂಪದಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಉಪಗ್ರಹದ ಮೂಲಕ ಪ್ರಸಾರವಾದ ಕಾರ್ಯಕ್ರಮಗಳನ್ನು ಕಂಡವು. ಆಗಿನ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಗ್ರಾಮಗಳೂ ಅವುಗಳಲ್ಲಿ ಸೇರಿದ್ದವು. ಮೇಲಿನಿಂದ ಬಂದ ಅರಿವಿಗೂ ನೆಲದಲ್ಲಿದ್ದ ಅರಿವಿಗೂ ಇರುವ ಸಂಬಂಧವನ್ನು ಬಿಳಗಿ ಸೀಮೆಯ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಹೇಳುವ ಬಿಳಗಿ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನದು. ಬಿಳಗಿ ಅರಸರ ರಾಜಧಾನಿಯಾಗಿದ್ದು, ರತ್ನತ್ರಯ ಬಸದಿಯಿಂದ ಪ್ರಸಿದ್ಧವಾದ ಈ ಊರಿನ ಸುತ್ತಲಿನ ಬದುಕು ಬತ್ತ ಮತ್ತು ಅಡಿಕೆಯನ್ನು ಆಶ್ರಯಿಸಿದೆ. ಎರಡಕ್ಕೂ ಮಳೆಯೇ ಆಧಾರ. ಮಳೆಗೆ ಜನಪದರು ಇಟ್ಟ ಹೆಸರುಗಳು ನಕ್ಷತ್ರದವು.

ಮಳೆನಕ್ಷತ್ರವೆಂದರೆ ರಾತ್ರಿ ಕಾಣುವ ನಕ್ಷತ್ರವಲ್ಲ. ಸೂರ್ಯನ ಹಾದಿಯನ್ನು 27 ಭಾಗಗಳಾಗಿ ವಿಂಗಡಿಸಿ, ಸೂರ್ಯನು ಒಂದೊಂದು ಭಾಗದಲ್ಲಿರುವ 13-14 ದಿನಗಳ ಅವಧಿಗೆ ಆ ನಕ್ಷತ್ರದ ಹೆಸರನ್ನು ಕೊಡಲಾಗಿದೆ. ಜೂನ್ 7-8ರ ಸುಮಾರಿಗೆ ಮೃಗಶಿರ, 21-22ಕ್ಕೆ ಆರಿದ್ರೆ, ಆಗಸ್ಟ್ ನಡುವೆ ಮಘೆ, ಅಕ್ಟೋಬರ್ ಕೊನೆಯ ಭಾಗದಲ್ಲಿ ಸ್ವಾತಿ ಮೊದಲಾಗುತ್ತವೆ. ಮಳೆ ಸುರಿಯುವಾಗ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಹೀಗೆ ಕಣ್ಣಿಗೆ ಕಾಣದ ನಕ್ಷತ್ರಕ್ಕೆ ಕಣ್ಣೆದುರಿನ ಮಳೆಯನ್ನು ಜೋಡಿಸಿದ ಈ ವ್ಯವಸ್ಥೆ ಪಂಚಾಂಗದಿಂದ ಬಂದುದಾದರೂ ಅದಕ್ಕೆ ಜೀವ ತುಂಬಿದ್ದು ಗಾದೆಗಳು. ‘ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು’ ಎಂಬ ಗಾದೆಯಲ್ಲಿ ಕಾಲ, ಬೆಳೆ, ಮನೆ ಮೂರೂ ಒಂದಾಗಿವೆ.

ಈ ಗಾದೆಗಳು ಎಂದೆಂದಿಗೂ ಬದಲಾಗದ ಸತ್ಯಗಳೆಂದು ಭಾವಿಸುವುದು ಸರಿಯಲ್ಲ. ಭೂಮಿಯ ಅಕ್ಷವು ತಿರುಗುವ ಬುಗುರಿಯ ತಲೆಯಂತೆ ಬಲು ನಿಧಾನವಾಗಿ ಓಲಾಡುವುದರಿಂದ ನಕ್ಷತ್ರಗಳ ಲೆಕ್ಕ ಋತುಗಳಿಗಿಂತ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ಆರಿದ್ರೆ ಹುಟ್ಟುತ್ತಿದ್ದುದು ಇಂದಿನ ಲೆಕ್ಕದ ಜೂನ್ ಆರಂಭದ ಹೊತ್ತಿಗೆ. ಮೂರು ತಲೆಮಾರಿಗೆ ಒಂದು ದಿನದ ಈ ಜಾರುವಿಕೆ ಯಾವ ರೈತನ ಅನುಭವಕ್ಕೂ ಬರುವಂಥದಲ್ಲ. ಆದರೂ ಗಾದೆಗಳು ಉಳಿದು ಬಂದಿವೆಯೆಂದರೆ, ಪ್ರತಿ ತಲೆಮಾರೂ ತನ್ನ ಅನುಭವದಿಂದ ಅವನ್ನು ತಿದ್ದುತ್ತ ಬಂದಿರಬೇಕು. ಜನಪದ ಜ್ಞಾನದ ಬಲವಿರುವುದು ಈ ತಿದ್ದುವಿಕೆಯಲ್ಲಿಯೇ.

ಈಗ ಆ ತಿದ್ದುವ ಕೆಲಸದಲ್ಲಿ ಉಪಗ್ರಹವೂ ಪಾಲುಗೊಂಡಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಇನ್ಸ್ಯಾಟ್ ಸರಣಿಯ ಉಪಗ್ರಹಗಳು ಮೋಡಗಳ ಚಿತ್ರ ತೆಗೆಯುತ್ತವೆ. 2024ರ ಫೆಬ್ರವರಿ 17ರಂದು ಉಡಾಯಿಸಲಾದ ಇನ್ಸ್ಯಾಟ್-3ಡಿಎಸ್ ಈ ಸಾಲಿಗೆ ಸೇರಿದ್ದು. ಇಂಥ ಉಪಗ್ರಹಗಳ ನಿಯಂತ್ರಣಕ್ಕಾಗಿ ಹಾಸನದಲ್ಲಿ 1982ರಲ್ಲಿಯೇ ಕೇಂದ್ರ ಸ್ಥಾಪನೆಯಾಯಿತು. ಇದರ ಪರಿಣಾಮ ಅಡಿಕೆ ತೋಟದವರೆಗೂ ಮುಟ್ಟಿದೆ. ಬಿಡದೆ ಸುರಿಯುವ ಮಳೆಯಲ್ಲಿ ಹರಡುವ ಕೊಳೆರೋಗವನ್ನು ತಡೆಯಲು ಮಳೆಗಾಲಕ್ಕೆ ಮೊದಲು ಒಮ್ಮೆ, ಮತ್ತೆ 40-45 ದಿನಗಳಿಗೆ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡನೆಯ ಸಿಂಪಡಣೆಗೆ ಕೊನೆಗೌಡ ಮರವೇರಲು ಒಂದಿಷ್ಟು ಹೊಳವಾಗಬೇಕು. ಆ ಹೊಳವು ಯಾವಾಗ ಎಂಬ ಪ್ರಶ್ನೆಗೆ ಉತ್ತರವನ್ನು ಹಿಂದೆ ನಕ್ಷತ್ರ ಮತ್ತು ಗಾಳಿಯ ದಿಕ್ಕಿನಲ್ಲಿ ಹುಡುಕುತ್ತಿದ್ದರೆ, ಇಂದು ಕೈಯಲ್ಲಿರುವ ಮೊಬೈಲಿನ ಮೋಡಚಿತ್ರದಲ್ಲಿಯೂ ಹುಡುಕಲಾಗುತ್ತದೆ. ಉಪಗ್ರಹಕ್ಕೆ ಕಾಣುವುದು ಮುಖ್ಯವಾಗಿ ಮೋಡದ ನೆತ್ತಿ. ಗುಡ್ಡದ ಈಚೆಗೆ ಸುರಿದು ಆಚೆಗೆ ಬಿಡುವ ಮಲೆನಾಡಿನ ಮಳೆಯನ್ನು ಅರಿಯಲು ನೆಲದ ಮಳೆಮಾಪಕವೂ ನೆಲದವರ ಅನುಭವವೂ ಬೇಕೇ ಬೇಕು.

ಚಂದ್ರನ ವಿಷಯದಲ್ಲಿ ಸಂಬಂಧ ಬೇರೆ ಬಗೆಯದು. ಆಶ್ವಯುಜದ ಭೂಮಿ ಹುಣ್ಣಿಮೆಯಂದು ಪೈರು ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುವ ಆಚರಣೆ ಈ ಭಾಗದಲ್ಲಿದೆ. ಅದಕ್ಕಾಗಿ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಅದರಿಂದ ಈ ಹುಣ್ಣಿಮೆಗೆ ಬಾಧೆಯಾಗಲಿಲ್ಲ. ಆಚರಣೆಯ ಚಂದ್ರ ಕಾಲದ ಗುರುತು. ವಿಜ್ಞಾನದ ಚಂದ್ರ ಶೋಧನೆಯ ನೆಲ. ನೌಕೆ ಇಳಿದ ತಾಣಕ್ಕೆ ಬೆಂಗಳೂರಿನಲ್ಲಿ ‘ಶಿವಶಕ್ತಿ’ ಎಂಬ ಹೆಸರು ಘೋಷಿಸಿದ್ದು, ಅಪರಿಚಿತ ನೆಲವನ್ನು ಹೆಸರಿಟ್ಟು ತನ್ನದಾಗಿಸಿಕೊಳ್ಳುವ ಜನಪದ ಮನೋಧರ್ಮದ ಮುಂದುವರಿಕೆಯೇ ಆಗಿದೆ.

ಆತಂಕವಿರುವುದು ಬೇರೆಡೆ. ಮೋಡಚಿತ್ರ ಕೈಗೆ ಬಂದಂತೆ ಆಕಾಶವನ್ನು ನೋಡಿ ಮಾತಾಡುವ ಸಂದರ್ಭಗಳೇ ಕಡಿಮೆಯಾಗುತ್ತವೆ. ತಿದ್ದುವವರಿಲ್ಲದ ಗಾದೆ ಪುಸ್ತಕದಲ್ಲಿ ಉಳಿಯುತ್ತದೆ, ಬಳಕೆಯಲ್ಲಿ ಸಾಯುತ್ತದೆ. ಆದುದರಿಂದ ಮಳೆಗಾದೆಗಳನ್ನು ಬರಿದೆ ಪಟ್ಟಿ ಮಾಡಿದರೆ ಸಾಲದು. ಯಾವ ಊರು, ಯಾವ ಬೆಳೆ, ಹೇಳಿದವರ ವಯಸ್ಸೇನು ಎಂಬ ವಿವರಗಳೊಡನೆ ಸಂಗ್ರಹಿಸಿ, ಆಯಾ ಭಾಗದ ಮಳೆಯ ದಾಖಲೆಗಳೊಂದಿಗೆ ತಾಳೆ ನೋಡಬೇಕು. ಹೊಂದುವುದು ಯಾವುದು, ಹೊಂದದಿರುವುದು ಯಾವುದು, ಎಂದಿನಿಂದ ಹೊಂದುತ್ತಿಲ್ಲ ಎಂಬುದನ್ನು ಅರಿತರೆ ಬದಲಾಗುತ್ತಿರುವ ಮಳೆಯ ಚರಿತ್ರೆಯೇ ನಮಗೆ ದೊರೆಯುತ್ತದೆ. ಜಾನಪದ ಮತ್ತು ಬಾಹ್ಯಾಕಾಶ ವಿಜ್ಞಾನ ಒಟ್ಟಿಗೆ ಕುಳಿತು ಮಾಡಬೇಕಾದ ಕೆಲಸವಿದು. ಹಿರಿಯರ ನೆನಪು ಉಳಿದಿರುವಾಗಲೇ ಆಗಬೇಕಾದದ್ದು.